ಜೇಡಿಮಣ್ಣಿನ ಕುಳಿಯಲ್ಲಿ ಸಿಕ್ಕ ಉತ್ತರ

ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲೆಮ್ ಗ್ರಾವೆಸಾಂಡೆ 1722ರ ಸುಮಾರಿಗೆ ಒಂದು ವಿಚಿತ್ರ ಕೆಲಸದಲ್ಲಿ ತೊಡಗಿದ್ದ. ಹಿತ್ತಾಳೆಯ ಗುಂಡುಗಳನ್ನು ಎತ್ತರದಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸುವುದು, ಮಣ್ಣಿನಲ್ಲಿ ಮೂಡಿದ ಕುಳಿಯನ್ನು ಅಳೆಯುವುದು, ಮತ್ತೆ ಬೀಳಿಸುವುದು. ಗುಂಡುಗಳ ಗಾತ್ರ ಒಂದೇ ಆಗಿತ್ತು. ಒಳಭಾಗವನ್ನು ಟೊಳ್ಳು ಮಾಡಿ ತೂಕವನ್ನು ಮಾತ್ರ ಹೆಚ್ಚು ಕಡಿಮೆ ಮಾಡಲಾಗಿತ್ತು.

ನೋಡಿದವರಿಗೆ ಇದು ಮಕ್ಕಳಾಟದಂತೆ ಕಂಡಿರಬಹುದು. ಆದರೆ ಆ ಕುಳಿಗಳು ಉತ್ತರಿಸಬೇಕಿದ್ದ ಪ್ರಶ್ನೆ ಯೂರೋಪಿನ ದೊಡ್ಡ ದೊಡ್ಡ ಪಂಡಿತರನ್ನು ಎರಡು ಬಣಗಳಾಗಿ ಒಡೆದಿತ್ತು. ಚಲಿಸುವ ವಸ್ತುವಿನಲ್ಲಿ ಇರುವ 'ಬಲ'ವನ್ನು ಅಳೆಯುವುದು ಹೇಗೆ? ವೇಗ ಇಮ್ಮಡಿಯಾದರೆ ಬಲವೂ ಇಮ್ಮಡಿಯೇ, ಅಥವಾ ನಾಲ್ಕು ಪಟ್ಟೇ?

ಇಂದು ಪ್ರೌಢಶಾಲೆಯ ವಿದ್ಯಾರ್ಥಿ ಬಲ, ಸಂವೇಗ, ಚಲನಶಕ್ತಿ ಎಂಬ ಮೂರು ಪದಗಳನ್ನು ಒಂದರ ಹಿಂದೊಂದು ಬಾಯಿಪಾಠ ಮಾಡುತ್ತಾನೆ. ಸೂತ್ರಕ್ಕೆ ಅಂಕಿಗಳನ್ನು ಹಾಕಿ ಲೆಕ್ಕ ಬಿಡಿಸುತ್ತಾನೆ. ಈ ಮೂರೂ ಬೇರೆ ಬೇರೆ ಎಂದು ಗೊತ್ತಾಗಲು ಮನುಷ್ಯನಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ದೇವರು ಕೊಟ್ಟ ಚಲನೆ

ಕಥೆ ಆರಂಭವಾಗುವುದು ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ದೆಕಾರ್ತ್‌ನಿಂದ. 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಒಂದು ದಿಟ್ಟ ಮಾತು ಹೇಳಿದ. ಸೃಷ್ಟಿಯ ಹೊತ್ತಿನಲ್ಲಿ ದೇವರು ಜಗತ್ತಿಗೆ ಇಂತಿಷ್ಟು ಎಂದು ಚಲನೆಯನ್ನು ಕೊಟ್ಟಿದ್ದಾನೆ. ದೇವರು ಬದಲಾಗುವವನಲ್ಲ; ಆದ್ದರಿಂದ ಆ ಚಲನೆಯ ಒಟ್ಟು ಮೊತ್ತವೂ ಬದಲಾಗುವುದಿಲ್ಲ. ಒಂದು ವಸ್ತು ಕಳೆದುಕೊಂಡದ್ದನ್ನು ಇನ್ನೊಂದು ಪಡೆದುಕೊಳ್ಳುತ್ತದೆ. ಈ ಮೊತ್ತವನ್ನು ಅಳೆಯಲು ಆತ ಸೂಚಿಸಿದ ದಾರಿ ಸರಳವಾಗಿತ್ತು: ವಸ್ತುವಿನ ಪ್ರಮಾಣವನ್ನು ಅದರ ವೇಗದಿಂದ ಗುಣಿಸಬೇಕು.

ಜಗತ್ತಿನಲ್ಲಿ ಎಲ್ಲವೂ ಬದಲಾಗುತ್ತಿದ್ದರೂ ಯಾವುದೋ ಒಂದು ಮೊತ್ತ ಮಾತ್ರ ಕದಲದೆ ಉಳಿಯುತ್ತದೆ ಎಂಬ ಈ ಯೋಚನೆ ಭೌತಶಾಸ್ತ್ರಕ್ಕೆ ದೆಕಾರ್ತ್ ಕೊಟ್ಟ ದೊಡ್ಡ ಕಾಣಿಕೆ. ಆದರೆ ಆತ ಅದರಿಂದ ಹೊರಡಿಸಿದ ನಿಯಮಗಳು ಬಹುಪಾಲು ತಪ್ಪಾಗಿದ್ದವು. ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕ ವಸ್ತು ಎಷ್ಟೇ ವೇಗವಾಗಿ ಬಂದು ಬಡಿದರೂ ಅಲುಗಿಸಲಾರದು ಎಂಬುದು ಅವುಗಳಲ್ಲಿ ಒಂದು. ಇದು ಸುಳ್ಳೆನ್ನಲು ಕೇರಂ ಆಡಿದವರೇ ಸಾಕು. ಕಾಯಿ ಜೋರಾಗಿ ಬಂದು ಬಡಿದರೆ ತನಗಿಂತ ಭಾರವಾದ ಸ್ಟ್ರೈಕರ್ ಕೂಡ ಸರಿಯುತ್ತದೆ.

ತಪ್ಪಿನ ಮೂಲ ಇನ್ನೊಂದು ಕಡೆ ಇತ್ತು. ಒಂದೇ ತೂಕದ ಎರಡು ಹಸಿ ಮಣ್ಣಿನ ಮುದ್ದೆಗಳು ಒಂದೇ ವೇಗದಲ್ಲಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆದರೆ ಎರಡೂ ಅಂಟಿಕೊಂಡು ನಿಂತುಬಿಡುತ್ತವೆ. ದೆಕಾರ್ತ್‌ನ ಲೆಕ್ಕದ ಚಲನೆ ಅಲ್ಲಿ ಪೂರ್ತಿ ಮಾಯವಾಗಿರುತ್ತದೆ. ಆತ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕೋರಿಕೆಯಂತೆ 1668–69ರಲ್ಲಿ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ ಡಿಕ್ಕಿಯ ನಿಯಮಗಳನ್ನು ಬೇರೆ ಬೇರೆಯಾಗಿ ಬರೆದು ಕಳುಹಿಸಿದರು. ಎಡಕ್ಕೆ ಹೋಗುವ ಚಲನೆಯನ್ನು ಕೂಡುವುದಾದರೆ ಬಲಕ್ಕೆ ಹೋಗುವುದನ್ನು ಕಳೆಯಬೇಕು ಎಂಬುದು ಅಲ್ಲಿ ಸ್ಪಷ್ಟವಾಯಿತು. ಹೀಗೆ ದಿಕ್ಕನ್ನೂ ಸೇರಿಸಿಕೊಂಡರೆ ದೆಕಾರ್ತ್‌ನ ಮೊತ್ತ ಯಾವ ಡಿಕ್ಕಿಯಲ್ಲೂ ಬದಲಾಗುವುದಿಲ್ಲ. ಮಣ್ಣಿನ ಮುದ್ದೆಗಳ ಮೊತ್ತ ಡಿಕ್ಕಿಗೆ ಮುಂಚೆಯೂ ಸೊನ್ನೆ, ಆಮೇಲೂ ಸೊನ್ನೆ. ಇದೇ ಇಂದಿನ 'ಸಂವೇಗ'.

ಹೈಗನ್ಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ಡಿಕ್ಕಿ ಹೊಡೆದು ಚೆನ್ನಾಗಿ ಪುಟಿಯುವ ಗಟ್ಟಿ ಗುಂಡುಗಳಲ್ಲಿ ಮತ್ತೊಂದು ಮೊತ್ತವೂ ಹಾಗೆಯೇ ಉಳಿಯುತ್ತದೆ. ಅದು ವಸ್ತುವಿನ ರಾಶಿಯನ್ನು ವೇಗದ ವರ್ಗದಿಂದ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಮೊತ್ತದಿಂದ, ಗುಣಿಸಿದಾಗ ಬರುವ ಸಂಖ್ಯೆ. ಮುಂದಿನ ಜಗಳದ ಬೀಜ ಇಲ್ಲಿದೆ.

ಒಂದು ಸೇರು, ನಾಲ್ಕು ಮೊಳ

1686ರಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಲೈಬ್ನಿಟ್ಸ್ ಒಂದು ಪುಟ್ಟ ಲೇಖನ ಪ್ರಕಟಿಸಿದ. ದೆಕಾರ್ತ್ ಮಾಡಿದ ಒಂದು ಮಹತ್ವದ ತಪ್ಪನ್ನು ತೋರಿಸಿಕೊಡುವುದೇ ಅದರ ಉದ್ದೇಶ ಎಂದು ತಲೆಬರಹದಲ್ಲೇ ಸಾರಿದ್ದ. ಆತನ ವಾದ ಬಾವಿಯಿಂದ ನೀರು ಸೇದಿದವರಿಗೆಲ್ಲ ಅರ್ಥವಾಗುವಂಥದು.

ಒಂದು ಸೇರು ತೂಕವನ್ನು ನಾಲ್ಕು ಮೊಳ ಎತ್ತರಕ್ಕೆ ಎತ್ತುವ ಶ್ರಮವೂ, ನಾಲ್ಕು ಸೇರು ತೂಕವನ್ನು ಒಂದು ಮೊಳ ಎತ್ತುವ ಶ್ರಮವೂ ಒಂದೇ. ಹಾಗಿದ್ದರೆ ಅವು ಅಷ್ಟಷ್ಟೇ ಎತ್ತರದಿಂದ ಕೆಳಕ್ಕೆ ಬಿದ್ದಾಗ ಗಳಿಸುವ ಬಲವೂ ಒಂದೇ ಆಗಿರಬೇಕು. ಈಗ ಗೆಲಿಲಿಯೋ ಕಂಡುಹಿಡಿದ ನಿಯಮವನ್ನು ನೆನೆಯಬೇಕು. ನಾಲ್ಕು ಪಟ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಹಾಗಾಗಿ ನಾಲ್ಕು ಮೊಳದಿಂದ ಬಿದ್ದ ಒಂದು ಸೇರಿನ ವೇಗ 2 ಎಂದಾದರೆ ಒಂದು ಮೊಳದಿಂದ ಬಿದ್ದ ನಾಲ್ಕು ಸೇರಿನ ವೇಗ 1. ದೆಕಾರ್ತ್‌ನ ಲೆಕ್ಕದಲ್ಲಿ ಮೊದಲನೆಯದರ ಬಲ 2, ಎರಡನೆಯದರದು 4. ಸಮ ಆಗುವುದಿಲ್ಲ. ವೇಗದ ವರ್ಗದಿಂದ ಗುಣಿಸಿದರೆ ಎರಡೂ ಕಡೆ 4. ಸರಿಸಮ.

ಹೀಗೆ ವರ್ಗದಿಂದ ಅಳೆದ ಬಲಕ್ಕೆ ಲೈಬ್ನಿಟ್ಸ್ ಲ್ಯಾಟಿನ್ನಿನಲ್ಲಿ ಕೊಟ್ಟ ಹೆಸರಿನ ಅರ್ಥ 'ಜೀವಂತ ಬಲ'. ಮೇಜಿನ ಮೇಲೆ ಸುಮ್ಮನೆ ಕುಳಿತ ಭಾರ ಕೆಳಕ್ಕೆ ಒತ್ತುವುದು 'ಮೃತ ಬಲ'. ಓಡುವ, ಬೀಳುವ, ಬಡಿಯುವ ವಸ್ತುವಿನಲ್ಲಿ ಇರುವುದು ಜೀವಂತ ಬಲ. ಜಗತ್ತಿನಲ್ಲಿ ಕದಲದೆ ಉಳಿಯುವುದು ಇದೇ ಎಂಬುದು ಆತನ ಸಿದ್ಧಾಂತ.

ದೇವರ ಗಡಿಯಾರಕ್ಕೆ ಕೀಲಿ ಕೊಡುವವರಾರು?

ಇದು ಬರೀ ಲೆಕ್ಕದ ತಕರಾರಾಗಿ ಉಳಿಯಲಿಲ್ಲ. ಕಲನಶಾಸ್ತ್ರವನ್ನು ಮೊದಲು ಕಂಡುಹಿಡಿದವರು ಯಾರು ಎಂಬ ವಿಷಯದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಅನುಯಾಯಿಗಳ ನಡುವೆ ಆಗಲೇ ಕಹಿ ಬೆಳೆದಿತ್ತು. ಈಗ ಬಲದ ಜಗಳವೂ ಅದಕ್ಕೆ ಸೇರಿಕೊಂಡಿತು. ಇಂಗ್ಲೆಂಡಿನವರು ಒಂದು ಕಡೆ, ಜರ್ಮನಿ ಹಾಲೆಂಡಿನ ಅನೇಕರು ಇನ್ನೊಂದು ಕಡೆ. ಫ್ರಾನ್ಸಿನಲ್ಲಿ ದೆಕಾರ್ತ್‌ನ ಅಭಿಮಾನಿಗಳೇ ಹೆಚ್ಚು. 1724ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಡಿಕ್ಕಿಯ ನಿಯಮಗಳ ಬಗ್ಗೆ ಪ್ರಬಂಧ ಸ್ಪರ್ಧೆ ನಡೆಸಿದಾಗ ಜೀವಂತ ಬಲದ ಪರವಾಗಿ ಬರೆದ ಯೊಹಾನ್ ಬರ್ನೂಲಿಗೆ ಬಹುಮಾನ ದೊರೆಯಲಿಲ್ಲ.

ಜಗಳದ ಆಳದಲ್ಲಿ ಧರ್ಮದ ಪ್ರಶ್ನೆಯೂ ಇತ್ತು. ಎರಡು ಮೆತ್ತನೆಯ ವಸ್ತುಗಳು ಡಿಕ್ಕಿ ಹೊಡೆದು ನಿಂತಾಗ ಚಲನೆ ನಾಶವಾಗುವುದನ್ನು ನ್ಯೂಟನ್ ಒಪ್ಪಿಕೊಂಡಿದ್ದ. ಹಾಗಾದರೆ ಜಗತ್ತಿನ ಚಲನೆ ದಿನದಿನಕ್ಕೆ ಕುಗ್ಗುತ್ತಿರಬೇಕು. ಅದನ್ನು ದೇವರೇ ಆಗಾಗ ತುಂಬಿಕೊಡಬೇಕು. ಲೈಬ್ನಿಟ್ಸ್ ಇದನ್ನು ಗೇಲಿ ಮಾಡಿದ. ಆಗಾಗ ಕೀಲಿ ಕೊಡದಿದ್ದರೆ ನಿಂತುಹೋಗುವ ಗಡಿಯಾರ ಮಾಡಿದವನು ಎಂಥ ಕುಶಲಕರ್ಮಿ ಎಂಬುದು ಆತನ ಪ್ರಶ್ನೆ. ನ್ಯೂಟನ್ ಪರವಾಗಿ ಪಾದ್ರಿ ಸ್ಯಾಮುಯೆಲ್ ಕ್ಲಾರ್ಕ್ ಉತ್ತರ ಕೊಟ್ಟ. 1715–16ರಲ್ಲಿ ಇಬ್ಬರ ನಡುವೆ ನಡೆದ ಪತ್ರ ವ್ಯವಹಾರ ಲೈಬ್ನಿಟ್ಸ್‌ನ ಸಾವಿನೊಂದಿಗೆ ಕೊನೆಗೊಂಡಿತು.

ಆ ಪತ್ರಗಳಲ್ಲಿ ಒಂದು ಸುಂದರ ಹೋಲಿಕೆ ಇದೆ. ಮೆತ್ತನೆಯ ವಸ್ತುಗಳ ಡಿಕ್ಕಿಯಲ್ಲಿ ಬಲ ನಾಶವಾಗಿಲ್ಲ, ವಸ್ತುವಿನೊಳಗಿನ ಸಣ್ಣ ಸಣ್ಣ ಕಣಗಳಿಗೆ ಹಂಚಿಹೋಗಿದೆ, ದೊಡ್ಡ ಹಣವನ್ನು ಚಿಲ್ಲರೆ ಮಾಡಿಸಿದ ಹಾಗೆ ಎಂದು ಲೈಬ್ನಿಟ್ಸ್ ಬರೆದಿದ್ದ. ಆ ಚಿಲ್ಲರೆಯನ್ನು ಎಣಿಸಿ ತೋರಿಸುವ ಉಪಾಯ ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ.

ತಪ್ಪೊಪ್ಪಿಕೊಂಡ ಪ್ರಾಧ್ಯಾಪಕ

ಈ ಹಿನ್ನೆಲೆಯಲ್ಲಿ ಲೈಡನ್ನಿನ ಪ್ರಯೋಗವನ್ನು ನೋಡಬೇಕು. ಗ್ರಾವೆಸಾಂಡೆ ಲೈಬ್ನಿಟ್ಸ್ ಬಣದವನಲ್ಲ. ಕಾನೂನು ಓದಿದ್ದ ಆತ ಲಂಡನ್ನಿಗೆ ಹೋಗಿ ನ್ಯೂಟನ್‌ನನ್ನು ಕಂಡು ಬಂದಿದ್ದ. ನ್ಯೂಟನ್‌ನ ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕ ವಿವರಿಸುವ ಪಠ್ಯಪುಸ್ತಕ ಬರೆದು ಹೆಸರು ಮಾಡಿದ್ದ. ಜೀವಂತ ಬಲದ ವಾದ ಆತನಿಗೆ ಒಪ್ಪಿಗೆಯಾಗಿರಲಿಲ್ಲ.

ಮಣ್ಣು ಬೇರೆಯದನ್ನೇ ಹೇಳಿತು. ಮೂರು ಪಟ್ಟು ಭಾರದ ಗುಂಡನ್ನು ಮೂರನೆಯ ಒಂದು ಭಾಗದಷ್ಟು ಎತ್ತರದಿಂದ ಬೀಳಿಸಿದರೆ ಹಗುರ ಗುಂಡು ಮಾಡಿದಷ್ಟೇ ಕುಳಿ ಮೂಡುತ್ತಿತ್ತು. ಭಾರವನ್ನು ಎತ್ತರದಿಂದ ಗುಣಿಸಿದಾಗ ಬರುವ ಮೊತ್ತ ಸಮನಾಗಿದ್ದರೆ ಕುಳಿಯೂ ಸಮ. ಬೀಳುವ ಎತ್ತರ ವೇಗದ ವರ್ಗಕ್ಕೆ ಅನುಗುಣವಾಗಿ ಇರುವುದರಿಂದ ಕುಳಿಯನ್ನು ತೀರ್ಮಾನಿಸುವುದು ವೇಗವಲ್ಲ, ವೇಗದ ವರ್ಗ. ಇಟಲಿಯ ಜೊವಾನಿ ಪೊಲೇನಿ ಇದಕ್ಕೆ ಕೆಲವು ವರ್ಷ ಮೊದಲೇ ಗಟ್ಟಿ ಕೊಬ್ಬಿನ ಮೇಲೆ ಗುಂಡು ಬೀಳಿಸಿ ಇದೇ ಫಲ ಕಂಡಿದ್ದ.

ಗ್ರಾವೆಸಾಂಡೆ ತಾನು ಇದುವರೆಗೆ ನಂಬಿದ್ದು ತಪ್ಪು ಎಂದು ಒಪ್ಪಿಕೊಂಡು ಪ್ರಯೋಗದ ವಿವರವನ್ನು ಪ್ರಕಟಿಸಿದ. ಅದಕ್ಕೆ ಬೆಲೆಯನ್ನೂ ತೆತ್ತ. ಇಂಗ್ಲೆಂಡಿನಲ್ಲಿ ಆತನ ಮೇಲೆ ಟೀಕೆಗಳ ಮಳೆಯಾಯಿತು. ಕ್ಲಾರ್ಕ್ 1728ರಲ್ಲಿ ಜೀವಂತ ಬಲದ ಪರ ನಿಂತವರನ್ನು ಕಟುವಾಗಿ ಖಂಡಿಸಿದ.

ಅಕಾಡೆಮಿಯ ಬಾಗಿಲ ಹೊರಗಿನ ವಿದುಷಿ

ಈ ಪ್ರಯೋಗವನ್ನು ಫ್ರಾನ್ಸಿನ ಓದುಗರ ಮುಂದೆ ಬಲವಾಗಿ ಇಟ್ಟವಳು ಅಕಾಡೆಮಿಯ ಸದಸ್ಯಳಾಗಲು ಅವಕಾಶವೇ ಇಲ್ಲದಿದ್ದ ಒಬ್ಬ ಹೆಂಗಸು. ಎಮಿಲಿ ದು ಶಾತ್ಲೆ 1706ರಲ್ಲಿ ಪ್ಯಾರಿಸ್ಸಿನ ಸಿರಿವಂತ ಮನೆತನದಲ್ಲಿ ಹುಟ್ಟಿದಳು. 1725ರಲ್ಲಿ ಮದುವೆಯಾಯಿತು. ಮಕ್ಕಳಾದ ಮೇಲೆ ಆಕೆ ಮೊಪೆರ್ತ್ವಿ, ಕ್ಲೇರೋ ಮೊದಲಾದ ಗಣಿತಜ್ಞರಿಂದ ಪಾಠ ಹೇಳಿಸಿಕೊಂಡಳು. ಸಿರೇ ಎಂಬ ಊರಿನಲ್ಲಿದ್ದ ಗಂಡನ ಬಂಗಲೆಯಲ್ಲಿ ಸಾಹಿತಿ ವಾಲ್ಟೇರ್ ಜೊತೆ ಸೇರಿ ಓದು, ಪ್ರಯೋಗ, ಬರವಣಿಗೆ ನಡೆಸಿದಳು. ಬೆಂಕಿಯ ಸ್ವರೂಪ ಕುರಿತ ಅಕಾಡೆಮಿಯ ಸ್ಪರ್ಧೆಗೆ ಇಬ್ಬರೂ ಬೇರೆ ಬೇರೆಯಾಗಿ ಪ್ರಬಂಧ ಕಳುಹಿಸಿದ್ದರು.

1740ರಲ್ಲಿ ಆಕೆಯ ಭೌತಶಾಸ್ತ್ರದ ಪುಸ್ತಕ ಲೇಖಕರ ಹೆಸರಿಲ್ಲದೆ ಹೊರಬಂತು. ಮಗನಿಗೆ ಪಾಠ ಹೇಳುವ ಧಾಟಿಯ ಆ ಪುಸ್ತಕದ ಕೊನೆಯ ಅಧ್ಯಾಯ ಜೀವಂತ ಬಲವನ್ನು ಕುರಿತದ್ದು. ಗುಂಡು ಬೀಳಿಸುವ ಪ್ರಯೋಗವನ್ನು ಆಕೆಯೇ ಮಾಡಿದಳೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಬೇರೆಯವರು ಮಾಡಿದ ಪ್ರಯೋಗಗಳ ಅರ್ಥವನ್ನು ಬಿಡಿಸಿಟ್ಟು, ವಿರೋಧಿಗಳ ವಾದವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಟ್ಟದ್ದು ಆಕೆಯ ಸಾಧನೆ. ನ್ಯೂಟನ್‌ನ ನಿಯಮಗಳನ್ನೂ ಲೈಬ್ನಿಟ್ಸ್‌ನ ಅಳತೆಯನ್ನೂ ಒಂದೇ ಪುಸ್ತಕದಲ್ಲಿ ಆಕೆ ಜೊತೆಗಿಟ್ಟಳು. ಬಣ ಕಟ್ಟಿಕೊಂಡಿದ್ದವರಿಗೆ ಇದು ಸಾಧ್ಯವಾಗಿರಲಿಲ್ಲ.

ಆಕೆ ಟೀಕಿಸಿದವರಲ್ಲಿ ಜಾಕ್ ದೋರ್ತು ದ ಮೇರಾನ್ ಕೂಡ ಇದ್ದ. ಸ್ವಲ್ಪದರಲ್ಲೇ ಆತ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾದ. 1741ರಲ್ಲಿ ಆತ ಆಕೆಗೆ ಬಹಿರಂಗ ಪತ್ರ ಬರೆದು, ತನ್ನ ಲೇಖನವನ್ನು ಆಕೆ ಸರಿಯಾಗಿ ಓದಿಲ್ಲವೆಂದೂ ಬೇರೆಯವರ ಮಾತು ಕೇಳಿ ಅಭಿಪ್ರಾಯ ಬದಲಿಸಿದ್ದಾಳೆಂದೂ ಸೂಚಿಸಿದ. ಕೆಲವೇ ವಾರಗಳಲ್ಲಿ ಆಕೆಯ ಉತ್ತರ ಅಚ್ಚಾಗಿ ಬಂತು. ಅದು ಆತನ ವಾದವನ್ನು ಹಂತ ಹಂತವಾಗಿ ಬಿಚ್ಚಿ ತೋರಿಸುವ ಉತ್ತರವಾಗಿತ್ತು. ಈ ವಿಷಯದಲ್ಲಿ ವಾಲ್ಟೇರ್ ಕೂಡ ಆಕೆಯ ಕಡೆ ಇರಲಿಲ್ಲ. ಪಾಠ ಹೇಳಲು ಬಂದಿದ್ದ ಗಣಿತಜ್ಞನೊಬ್ಬ ಆ ಪುಸ್ತಕ ತನ್ನದೇ ಎಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದ. 1742ರ ಎರಡನೆಯ ಮುದ್ರಣದಲ್ಲಿ ಆಕೆ ತನ್ನ ಹೆಸರನ್ನು ಹಾಕಿಸಿದಳು.

ಮುಂದೆ ನ್ಯೂಟನ್‌ನ ಮಹಾಗ್ರಂಥವನ್ನು ಲ್ಯಾಟಿನ್ನಿನಿಂದ ಫ್ರೆಂಚಿಗೆ ಅನುವಾದಿಸುವ ಕೆಲಸಕ್ಕೆ ಕೈಹಾಕಿದಳು. ಅದು ಮುಗಿಯುವ ಮುನ್ನ, ನಲವತ್ತೆರಡರ ವಯಸ್ಸಿನಲ್ಲಿ, ಮತ್ತೆ ಗರ್ಭಿಣಿಯಾದಳು. ಆ ಕಾಲದಲ್ಲಿ ಅದು ಪ್ರಾಣಕ್ಕೆ ಅಪಾಯ. ಹಗಲಿರುಳು ಕುಳಿತು ಕೆಲಸ ಮುಗಿಸಿ ಹಸ್ತಪ್ರತಿಯನ್ನು ಅರಸರ ಗ್ರಂಥಾಲಯಕ್ಕೆ ಒಪ್ಪಿಸುವ ಏರ್ಪಾಡು ಮಾಡಿದಳು. 1749ರ ಸೆಪ್ಟೆಂಬರ್ ಮೊದಲ ವಾರ ಹೆಣ್ಣು ಮಗು ಹುಟ್ಟಿತು. 10ರಂದು ಆಕೆ ತೀರಿಕೊಂಡಳು. ಆ ಅನುವಾದ 1759ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಫ್ರೆಂಚ್ ಓದುಗರು ಇಂದಿಗೂ ನೆಚ್ಚುವುದು ಅದನ್ನೇ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಒಬ್ಬ ಮಹಿಳೆಯನ್ನು ಪೂರ್ಣ ಸದಸ್ಯಳನ್ನಾಗಿ ಆರಿಸಿದ್ದು 1979ರಲ್ಲಿ.

ಇಬ್ಬರದೂ ಸರಿ

ಕೊನೆಗೆ ಗೆದ್ದವರು ಯಾರು? ಒಂದು ಚೆಂಡನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ಅದು ಸುಮಾರು 1 ಸೆಕೆಂಡ್ ಮೇಲೇರಿ 5 ಮೀಟರ್ ಎತ್ತರ ಮುಟ್ಟುತ್ತದೆ. 20 ಮೀಟರ್ ವೇಗದಲ್ಲಿ ಎಸೆದರೆ ಸುಮಾರು 2 ಸೆಕೆಂಡ್ ಏರಿ 20 ಮೀಟರ್ ಎತ್ತರ ಮುಟ್ಟುತ್ತದೆ. ಎಷ್ಟು ಹೊತ್ತು ಏರಿತು ಎಂದು ನೋಡಿದರೆ ಎರಡು ಪಟ್ಟು. ಎಷ್ಟು ಎತ್ತರ ಏರಿತು ಎಂದು ನೋಡಿದರೆ ನಾಲ್ಕು ಪಟ್ಟು. ಚೆಂಡು ಅದೇ, ಎಸೆತವೂ ಅದೇ. ಬೇರೆಯಾದದ್ದು ಪ್ರಶ್ನೆ.

ದೆಕಾರ್ತ್ ಕಡೆಯವರು ಗೊತ್ತಿಲ್ಲದೆಯೇ ಕಾಲವನ್ನು ಲೆಕ್ಕ ಹಾಕುತ್ತಿದ್ದರು. ಲೈಬ್ನಿಟ್ಸ್ ಕಡೆಯವರು ದೂರವನ್ನು. ಒಂದು ವಸ್ತುವನ್ನು ತಡೆಯುವ ಬಲವನ್ನು ಅದು ನಿಲ್ಲಲು ಹಿಡಿದ ಕಾಲದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. ಅದೇ ಬಲವನ್ನು ಅದು ನಿಲ್ಲುವ ತನಕ ಸಾಗಿದ ದೂರದಿಂದ ಗುಣಿಸಿದರೆ ಚಲನಶಕ್ತಿ. ಜೇಡಿಮಣ್ಣಿಗೆ ಬಿದ್ದ ಗುಂಡಿನ ಸಂವೇಗ ಮಣ್ಣಿನ ಮೂಲಕ ಇಡೀ ಭೂಮಿಗೆ ದಾಟಿಹೋಗುತ್ತದೆ. ಭೂಮಿ ಅಷ್ಟು ದೊಡ್ಡದಾದ್ದರಿಂದ ಅದು ಯಾರಿಗೂ ಕಾಣುವುದಿಲ್ಲ. ಕುಳಿ ತೋಡುವ ಕೆಲಸ ಚಲನಶಕ್ತಿಯದು. ಆದ್ದರಿಂದಲೇ ಕುಳಿ ಲೈಬ್ನಿಟ್ಸ್ ಪರವಾಗಿ ಸಾಕ್ಷಿ ಹೇಳಿತು.

ಫ್ರಾನ್ಸಿನ ದಾಲೆಂಬರ್ 1743ರಲ್ಲೇ ಇದು ಬರೀ ಪದಗಳ ಮೇಲಿನ ಜಗಳ ಎಂದು ಬರೆದ. ಪೂರ್ತಿ ಹಾಗೆನ್ನಲು ಬರುವುದಿಲ್ಲ. ಎರಡು ಬೇರೆ ಬೇರೆ ವಸ್ತುಸ್ಥಿತಿಗಳಿಗೆ ಒಂದೇ ಪದ ಇದ್ದದ್ದೇ ಜಗಳದ ಮೂಲವಾಗಿತ್ತು. ಜಗಳವಾಡದೆ ಹೋಗಿದ್ದರೆ ಅವು ಎರಡೆಂದು ತಿಳಿಯುತ್ತಲೂ ಇರಲಿಲ್ಲ. 1807ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಜೀವಂತ ಬಲಕ್ಕೆ 'ಎನರ್ಜಿ' ಎಂಬ ಹೊಸ ಹೆಸರಿಟ್ಟ. 1829ರಲ್ಲಿ ಫ್ರಾನ್ಸಿನ ಕೊರಿಯೊಲಿ ಯಂತ್ರಗಳು ಮಾಡುವ ಕೆಲಸವನ್ನು ಬಲ ಮತ್ತು ದೂರದ ಗುಣಲಬ್ಧವಾಗಿ ಅಳೆದು, ಲೈಬ್ನಿಟ್ಸ್‌ನ ಮೊತ್ತದ ಅರ್ಧವನ್ನು ತೆಗೆದುಕೊಂಡರೆ ಲೆಕ್ಕ ಸರಿಹೊಂದುತ್ತದೆ ಎಂದು ತೋರಿಸಿದ. ಶಾಲೆಯ ಸೂತ್ರದಲ್ಲಿರುವ ಆ 'ಅರ್ಧ' ಬಂದದ್ದು ಹೀಗೆ.

ಚಿಲ್ಲರೆ ಎಣಿಸಿದವನು

ಇನ್ನು ಉಳಿದದ್ದು ಲೈಬ್ನಿಟ್ಸ್ ಹೇಳಿದ ಚಿಲ್ಲರೆ. ಮಣ್ಣಿನ ಮುದ್ದೆಗಳು ಡಿಕ್ಕಿಯಾಗಿ ನಿಂತಾಗ ಅವುಗಳ ಚಲನಶಕ್ತಿ ಎಲ್ಲಿಗೆ ಹೋಯಿತು? ಅದು ಶಾಖವಾಯಿತು. ಇದನ್ನು ಪಕ್ಕಾ ಲೆಕ್ಕದೊಂದಿಗೆ ತೋರಿಸಿದವರಲ್ಲಿ ಮುಖ್ಯನಾದವನು ಮ್ಯಾಂಚೆಸ್ಟರ್ ಬಳಿಯ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೌಲ್. 1840ರ ದಶಕದಲ್ಲಿ ಆತ ಭಾರವೊಂದು ಕೆಳಗಿಳಿಯುವಾಗ ನೀರಿನೊಳಗಿನ ರೆಕ್ಕೆಚಕ್ರ ತಿರುಗುವಂತೆ ಮಾಡಿ, ನೀರು ಎಷ್ಟು ಬಿಸಿಯಾಯಿತು ಎಂದು ಅಳೆದ. 1 ಕಿಲೋ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಬೇಕಾದರೆ 1 ಕಿಲೋ ತೂಕ ಸುಮಾರು 427 ಮೀಟರ್ ಎತ್ತರದಿಂದ ಇಳಿಯಬೇಕು. ಮೇಜಿನ ಎತ್ತರದಿಂದ ಬಿದ್ದ ಗುಂಡು ಮಣ್ಣನ್ನು ಬಿಸಿ ಮಾಡಿದ್ದು ಯಾರ ಬೆರಳಿಗೂ ಏಕೆ ತಿಳಿಯಲಿಲ್ಲ ಎಂಬುದಕ್ಕೆ ಈ ಸಂಖ್ಯೆಯೇ ಉತ್ತರ. 1847ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಶಕ್ತಿ ರೂಪ ಬದಲಿಸುತ್ತದೆಯೇ ಹೊರತು ನಾಶವಾಗುವುದಿಲ್ಲ ಎಂಬ ನಿಯಮವನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದ. ಲೈಬ್ನಿಟ್ಸ್ ಸತ್ತು ಆಗ 131 ವರ್ಷವಾಗಿತ್ತು.

ಆ ಹಳೆಯ ಜಗಳ ಪುಸ್ತಕದಲ್ಲಷ್ಟೇ ಉಳಿದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಬ್ರೇಕ್ ಹಿಡಿದ ಮೇಲೆ 6 ಮೀಟರ್ ಸಾಗಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದೇ ರಸ್ತೆ, ಅದೇ ಬ್ರೇಕು. ವೇಗ ಮಾತ್ರ 60. ನಿಲ್ಲಲು ಹಿಡಿಯುವ ಕಾಲ ಇಮ್ಮಡಿ. ಸಾಗುವ ದೂರ 12 ಮೀಟರಲ್ಲ, 24. ಇಮ್ಮಡಿ ವೇಗಕ್ಕೆ ಇಮ್ಮಡಿ ಅಪಾಯ ಎಂದು ಲೆಕ್ಕ ಹಾಕುವ ಚಾಲಕ ಇಂದಿಗೂ ದೆಕಾರ್ತ್‌ನ ಕಾಲದಲ್ಲೇ ಇದ್ದಾನೆ. ರಸ್ತೆಗೆ ಅಡ್ಡ ಬಂದ ಮಗು ಇರುವುದು ಇಷ್ಟು ಸೆಕೆಂಡ್ ಆಚೆಗಲ್ಲ, ಇಷ್ಟು ಮೀಟರ್ ಆಚೆಗೆ.